ಏಳಲ್ಲ, ನಾಲ್ಕು

ಮಾರ್ಚ್ 3, ಸೋಮವಾರ

ನಾಲ್ಕನೇ ಟೇಬಲಿನ ಲಾಟ್ ಇವತ್ತು ಮತ್ತೆ ರಿಜೆಕ್ಟ್ ಆಯಿತು. ಸತತ ಮೂರನೆಯದು.

ಹಾಳೆಗೆ ಸಹಿ ಹಾಕಿ ಟ್ರೇಯಲ್ಲಿಟ್ಟು ಐದು ನಿಮಿಷವಾಗಿರಲಿಲ್ಲ, ಗುಂಡಕ್ಕ ಬಂದು ನನ್ನ ಮೇಜಿನ ಮುಂದೆ ನಿಂತಳು. ಆ ಟೇಬಲಿನ ಮುಖ್ಯಸ್ಥೆ. ಹನ್ನೆರಡು ಮಂದಿ ಹೊಲಿಗೆಯವರು ಆಕೆಯ ಕೈಕೆಳಗೆ. ಆಕೆಗೆ ಬೇರೆ ಹೆಸರಿದೆ, ಆದರೆ ಅದು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು.

"ಮೇಡಂ, ಇನ್ನೊಂದ್ಸಲ ನೋಡ್ತೀರಾ?"

"ನೋಡಿದೀನಿ."

"ಏಳು ಜೋಡಿ ಅಂದ್ರೆ ಜಾಸ್ತಿ ಅನ್ನಿಸ್ತಿದೆ. ಈ ಸಲ ಒಂದೊಂದನ್ನೂ ನಾನೇ ಕೈಯಲ್ಲಿ ಹಿಡಿದು ನೋಡಿ ಕಳಿಸಿದ್ದು."

"ನಾನೂ ಕೈಯಲ್ಲಿ ಹಿಡಿದೇ ನೋಡಿದ್ದು."

"ಸರಿ ಬಿಡಿ. ಮೊಸರಲ್ಲಿ ಕಲ್ಲು ಹುಡುಕ್ತೀನಿ ಅಂತ ಹೊರಟೋರಿಗೆ ಕಲ್ಲು ಸಿಗದೆ ಇರುತ್ತಾ" ಎಂದು ಹೊರಟುಹೋದಳು.

ಇಲ್ಲಿ ತಯಾರಾಗುವುದು ಶಾಲೆಯ ಮಕ್ಕಳ ಕಪ್ಪು ಶೂ. ಸಾವಿರದ ಇನ್ನೂರು ಜೋಡಿ ಸೇರಿದರೆ ಒಂದು ಲಾಟ್. ಅದರಲ್ಲಿ ಎಂಬತ್ತು ಜೋಡಿಯನ್ನು ಅಲ್ಲಲ್ಲಿಂದ ಎತ್ತಿ ನೋಡುತ್ತೇನೆ. ಐದು ಜೋಡಿಯವರೆಗೆ ದೋಷವಿದ್ದರೆ ಇಡೀ ಲಾಟ್ ಪಾಸ್. ಆರಾದರೆ ರಿಜೆಕ್ಟ್, ಅಷ್ಟೂ ಡಬ್ಬಿ ಬಿಚ್ಚಿ ಒಂದೊಂದಾಗಿ ನೋಡಬೇಕು. ನಿಯಮ ನಾನು ಮಾಡಿದ್ದಲ್ಲ. ಹತ್ತೊಂಬತ್ತು ವರ್ಷದಿಂದ ಅದರ ಪ್ರಕಾರ ಎಣಿಸುತ್ತಿದ್ದೇನೆ, ಅಷ್ಟೆ.

ಇದನ್ನೆಲ್ಲ ನನಗೆ ನಾನೇ ಯಾಕೆ ವಿವರಿಸಿಕೊಳ್ಳುತ್ತಿದ್ದೇನೋ. ಆಕೆಗೆ ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿರಬಹುದು.

ಇನ್ನೊಂದು ಸಂಗತಿ. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ನಾಲ್ಕನೇ ಟೇಬಲಿನ ಪಕ್ಕ ಹಾದುಹೋದಾಗ ಅಲ್ಲಿದ್ದವರೆಲ್ಲ ಒಟ್ಟಿಗೆ ನಕ್ಕರು. ತಿರುಗಿ ನೋಡಿದೆ, ಸುಮ್ಮನಾದರು. ಗುಂಡಕ್ಕ ಒಬ್ಬಳೇ ನಿಂತಿದ್ದಳು. ನನ್ನನ್ನು ಅವರು ಭೂತಗನ್ನಡಿ ಎನ್ನುತ್ತಾರೆಂದು ಗೊತ್ತು. ನನ್ನ ಮೇಜಿಗೇ ಬಂದು ಊಟ ಮಾಡಿದೆ. ಆಮೇಲೆ ಅವರ ಲಾಟ್ ನೋಡಲು ಕೂತೆ.

ನಗುವಿಗೂ ಲಾಟಿಗೂ ಸಂಬಂಧವಿಲ್ಲ.

ಮಾರ್ಚ್ 6, ಗುರುವಾರ

ಗುಂಡಕ್ಕನನ್ನು ಅಂಟಿನ ಕೋಣೆಗೆ ಹಾಕಿದರು. ಸತತ ಮೂರು ಲಾಟ್ ರಿಜೆಕ್ಟ್ ಆದರೆ ಟೇಬಲಿನ ಮುಖ್ಯಸ್ಥರು ಬದಲಾಗಬೇಕೆಂಬುದು ಮ್ಯಾನೇಜರ್ ಮಾಡಿದ ನಿಯಮ. ಎರಡನೇ ಸಾಲಿನಲ್ಲಿ ಕೂರುತ್ತಿದ್ದ ಕನ್ನಡಕದ ಹುಡುಗಿಯನ್ನು ಆಕೆಯ ಜಾಗಕ್ಕೆ ತಂದರು. ಹುಡುಗಿ ಬೆಳಿಗ್ಗೆಯಿಂದ ಅಳುಮುಖ ಮಾಡಿಕೊಂಡೇ ಓಡಾಡುತ್ತಿದ್ದಳು.

ಅಂಟಿನ ಕೋಣೆ ಕಟ್ಟಡದ ಹಿಂಭಾಗದಲ್ಲಿದೆ. ಶೂಗೆ ಅಟ್ಟೆ ಅಂಟಿಸುವುದು ಅಲ್ಲಿ. ಎರಡು ಕಿಟಕಿ, ಒಂದು ತುಕ್ಕು ಹಿಡಿದು ತೆರೆಯುವುದಿಲ್ಲ. ಯಾರನ್ನೂ ಎರಡು ವಾರಕ್ಕಿಂತ ಹೆಚ್ಚು ಅಲ್ಲಿ ಕೂರಿಸಬಾರದೆಂದು ಗೋಡೆಯ ಮೇಲೆ ಬರೆದಿದೆ. ಗೋಡೆಯ ಮೇಲೆ ಬಹಳ ಬರೆದಿದೆ.

ಸಂಜೆ ಐದೂವರೆಯಿಂದ ಯಾರೊಂದಿಗೂ ಮಾತಾಡಿಲ್ಲ. ಬೆಳಿಗ್ಗೆ ಒಂದು ರಾಂಗ್ ನಂಬರ್ ಬಂದಿತ್ತು. "ಅಲ್ಲ" ಎಂದೆ. ದನಿ ಒಡೆದು ಬಂತು. ಅದು ಇವತ್ತಿನ ಮೊದಲ ಮಾತು. ಪಕ್ಕದ ಮನೆಯಲ್ಲಿ ಈಗ ಊಟಕ್ಕೆ ಕುರ್ಚಿ ಎಳೆಯುತ್ತಿದ್ದಾರೆ. ನಾಲ್ಕು ಕುರ್ಚಿ. ಗೋಡೆಯ ಈಚೆಯಿಂದಲೇ ಎಣಿಸಲು ಬರುತ್ತದೆ.

ಮಾರ್ಚ್ 9, ಭಾನುವಾರ

ಹನ್ನೊಂದಕ್ಕೆ ತಂಗಿಯ ಫೋನ್. ಪ್ರತಿ ಭಾನುವಾರ ಹನ್ನೊಂದಕ್ಕೇ ಮಾಡುತ್ತಾಳೆ. ಹತ್ತೂಮುಕ್ಕಾಲಿಗೆ ನಾನು ಫೋನಿನ ಹತ್ತಿರ ಏನಾದರೂ ಕೆಲಸ ಹುಡುಕಿಕೊಳ್ಳುತ್ತೇನೆ.

"ಊಟಕ್ಕೇನಕ್ಕಾ?"

"ಇನ್ನೂ ಮಾಡಿಲ್ಲ."

"ಮಾಡಿದೀಯಾ ಅಂತ ಕೇಳ್ಲಿಲ್ಲ, ಏನು ಮಾಡ್ತೀಯ ಅಂತ ಕೇಳಿದ್ದು. ನಿನ್ನ ಹತ್ರ ಮಾತಾಡೋದು ಅಂದ್ರೆ ಫಾರಂ ತುಂಬಿದ ಹಾಗೆ."

ನಕ್ಕೆವು. ಆಮೇಲೆ ಅವಳು, ಭಾವ ಫೋನ್ ಮಾಡಿದ್ದರು, ಚೆನ್ನಾಗಿದ್ದಾರಂತೆ, ಎಂದಳು. ನನ್ನ ಗಂಡ ಬೇರೆ ಊರಿಗೆ ಹೋಗಿ ನಾಲ್ಕು ವರ್ಷವಾಯಿತು. ಜಗಳವಾಗಲಿಲ್ಲ. ಆಗಿದ್ದರೆ ಕೇಳಿದವರಿಗೆ ಹೇಳಲು ಒಂದು ಕಾರಣವಾದರೂ ಇರುತ್ತಿತ್ತು. ಕೆಲಸ ಅಲ್ಲಿ ಸಿಕ್ಕಿತು, ಹೋದರು, ಬರುವುದು ಕಡಿಮೆಯಾಯಿತು, ನಿಂತಿತು. ಯಾವ ದಿನ ನಿಂತಿತೆಂದು ನನಗೂ ಹೇಳಲು ಬರುವುದಿಲ್ಲ. ಗುರುತು ಹಾಕಿಟ್ಟುಕೊಳ್ಳದೆ ಬಿಟ್ಟದ್ದು ಅದೊಂದೇ ಇರಬೇಕು.

ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬರೆದದ್ದೆಂದರೆ ಹಾಸ್ಟೆಲಿನಿಂದ ಅಮ್ಮನಿಗೆ ಹಾಕುತ್ತಿದ್ದ ಕಾಗದ ಮಾತ್ರ. ಆದರೂ ಇದನ್ನು ಇಂಗ್ಲಿಷಿನಲ್ಲಿ ಬರೆದರೆ ರಿಪೋರ್ಟ್ ಆಗಿಬಿಡುತ್ತದೆ.

ಮಾರ್ಚ್ 25, ಮಂಗಳವಾರ

ಕೈ ತೊಳೆಯುವ ನಲ್ಲಿಯ ಹತ್ತಿರ ಗುಂಡಕ್ಕ ಸಿಕ್ಕಳು. ಬೆರಳ ಸಂದಿಯೆಲ್ಲ ಒಣಗಿದ ಅಂಟು, ಹಳದಿಗೆ ತಿರುಗಿತ್ತು. ಉಗುರಿನಿಂದ ಕೆರೆಯುತ್ತ ಕೆಮ್ಮುತ್ತಿದ್ದಳು.

"ಹೇಗಿದೀರಿ?" ಎಂದೆ. ಬೇರೇನು ಕೇಳಬೇಕೋ ತಿಳಿಯಲಿಲ್ಲ.

"ಆರಾಮಾಗಿದೀನಿ ಮೇಡಂ. ಅಲ್ಲಿ ಒಂದು ಸುಖ ಇದೆ. ತಪ್ಪು ಹುಡುಕೋರು ಯಾರೂ ಒಳಗೆ ಬರಲ್ಲ. ತಲೆ ಸುತ್ತುತ್ತಲ್ಲ, ಅದಕ್ಕೆ."

"ಎರಡು ವಾರ ಆದ ಮೇಲೆ ಬದಲಾಯಿಸ್ಬೇಕಲ್ವಾ?"

"ಗೋಡೆ ಹಂಗೆ ಹೇಳುತ್ತೆ. ಮ್ಯಾನೇಜರ್ ಗೋಡೆ ಮಾತು ಕೇಳಲ್ಲ." ನಲ್ಲಿ ನಿಲ್ಲಿಸಿ ಹೋದಳು. ನಾನು ಮತ್ತೆ ತಿರುಗಿಸಿ ಕೈ ತೊಳೆದೆ, ಆಗಲೇ ತೊಳೆದಾಗಿದ್ದರೂ.

ಏಪ್ರಿಲ್ 14, ಸೋಮವಾರ

ಶೂ ಕೊಳ್ಳುವ ಕಂಪನಿಯಿಂದ ಇಪ್ಪತ್ತೆಂಟಕ್ಕೆ ಆಡಿಟರ್ ಬರುತ್ತಾರೆ. ಪರೀಕ್ಷೆಯ ಹಾಳೆಗಳಿಗೂ ರಿಜಿಸ್ಟರಿಗೂ ತಾಳೆ ನೋಡಲು ಮ್ಯಾನೇಜರ್ ಹೇಳಿದರು. ಬೀರುವಿನಿಂದ ಕಟ್ಟುಗಳನ್ನು ಇಳಿಸಿ ಜನವರಿಯಿಂದ ಶುರು ಮಾಡಿದೆ.

ಮಾರ್ಚ್ ಮೂರರ ಹಾಳೆ ಕೈಗೆ ಬಂದದ್ದು ಮಧ್ಯಾಹ್ನ ಮೂರಕ್ಕೆ.

ಹಾಳೆಯಲ್ಲಿ ಎಂಬತ್ತು ಗೆರೆ. ಒಂದು ಗೆರೆ ಒಂದು ಜೋಡಿಗೆ. ಆ ಜೋಡಿಯಲ್ಲಿ ಕಂಡ ಪ್ರತಿ ದೋಷಕ್ಕೂ ಒಂದು ಗೀಟು ಹಾಕುತ್ತೇನೆ: ಬಿಟ್ಟ ಹೊಲಿಗೆಗೆ ಒಂದು, ಅಂಟಿನ ಕಲೆಗೆ ಒಂದು, ಹೀಗೆ. ಕೆಳಗೆ ಎರಡು ಚೌಕ. ಮೊದಲನೆಯದರಲ್ಲಿ ಒಟ್ಟು ದೋಷ ಎಷ್ಟು ಎಂದು; ಅಂದರೆ ಎಲ್ಲ ಗೀಟುಗಳ ಲೆಕ್ಕ. ಎರಡನೆಯದರಲ್ಲಿ ದೋಷವಿರುವ ಜೋಡಿ ಎಷ್ಟು ಎಂದು. ಅಂದರೆ ಗೀಟು ಬಿದ್ದ ಗೆರೆಗಳ ಲೆಕ್ಕ. ಒಂದು ಜೋಡಿಯಲ್ಲಿ ಮೂರು ದೋಷವಿದ್ದರೂ ಕೆಟ್ಟ ಜೋಡಿ ಒಂದೇ. ಲಾಟ್ ಪಾಸೋ ಫೇಲೋ ಎಂದು ತೀರ್ಮಾನಿಸುವುದು ಎರಡನೇ ಚೌಕ. ಹೊಸಬರಿಗೆ ನಾನು ಮೊದಲ ದಿನ ಹೇಳಿಕೊಡುವ ಪಾಠ ಇದು.

ಹದಿನಾಲ್ಕನೇ ಗೆರೆಯಲ್ಲಿ ಮೂರು ಗೀಟು. ಮೂವತ್ತೊಂದರಲ್ಲಿ ಎರಡು. ಐವತ್ತೆರಡರಲ್ಲಿ ಒಂದು. ಎಪ್ಪತ್ತೇಳರಲ್ಲಿ ಒಂದು.

ಗೀಟು ಏಳು. ಜೋಡಿ ನಾಲ್ಕು.

ಎರಡು ಚೌಕದಲ್ಲೂ ಏಳು ಎಂದು ಬರೆದಿದ್ದೇನೆ. ನನ್ನದೇ ಅಕ್ಷರ, ನನ್ನದೇ ಸಹಿ.

ಆ ಲಾಟ್ ಪಾಸಾಗಬೇಕಿತ್ತು.

ಏಪ್ರಿಲ್ 15, ಮಂಗಳವಾರ

ಮತ್ತೆ ಎಣಿಸಿದೆ. ನಾಲ್ಕು.

ಏಪ್ರಿಲ್ 16, ಬುಧವಾರ

ಹಿಂದಿನ ವರ್ಷದ ಕಟ್ಟುಗಳನ್ನೂ ಇಳಿಸಿದೆ. ಇನ್ನೂರ ಹನ್ನೆರಡು ಹಾಳೆ. ಇಂಥದೇ ತಪ್ಪು ಇನ್ನೊಂದು ಸಿಕ್ಕಿದರೆ ಸಾಕು ಎಂದು ಹುಡುಕಿದೆ. ವಯಸ್ಸಾಗುತ್ತಿದೆ, ಕಣ್ಣು ಸೋಲುತ್ತಿದೆ, ಅಲ್ಲೊಂದು ಇಲ್ಲೊಂದು ತಪ್ಪುತ್ತೇನೆ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು.

ಒಂದೂ ಸಿಗಲಿಲ್ಲ. ಇನ್ನೂರ ಹನ್ನೆರಡೂ ಸರಿ.

ಹಾಗಾದರೆ ಅದೊಂದು ದಿನ, ಅದೊಂದು ಟೇಬಲ್, ಅದೊಂದು ಮಧ್ಯಾಹ್ನ ಮಾತ್ರ ಯಾಕೆ? ಅವರು ನಕ್ಕದ್ದು ಒಂದು ಗಂಟೆಗೆ. ನಾನು ಆ ಚೌಕ ತುಂಬಿದ್ದು ಸುಮಾರು ನಾಲ್ಕಕ್ಕೆ. ಏಳು ಎಂದು ಬರೆಯುವಾಗ ಏನನ್ನಿಸಿತು ಎಂದು ನೆನಪಿಸಿಕೊಳ್ಳಲು ನೋಡಿದೆ. ಏನೂ ನೆನಪಿಲ್ಲ. ಸಹಿ ಹಾಕಿದ ಮೇಲೆ ಹಗುರವಾದದ್ದು ನೆನಪಿದೆ.

"ತಪ್ಪಾಯಿತು" ಎಂದು ಇಲ್ಲಿ ಬರೆದೆ. ಹೊಡೆದುಹಾಕಿ "ತಪ್ಪು ಮಾಡಿದೆ" ಎಂದು ಬರೆದೆ. ಅದನ್ನೂ ಹೊಡೆದುಹಾಕಲು ಹೋಗಿ ಬಿಟ್ಟೆ.

ಏಪ್ರಿಲ್ 17, ಗುರುವಾರ

ಕ್ಯಾಂಟೀನಿನಲ್ಲಿ ಕನ್ನಡಕದ ಹುಡುಗಿ ಯಾರಿಗೋ "ಎಣಿಸೋಕೆ ಬರಲ್ವಾ ನಿಂಗೆ" ಎಂದಳು. ಚಮಚಗಳ ವಿಷಯ. ನನ್ನ ಕೈಯಲ್ಲಿದ್ದ ಲೋಟದ ನೀರು ಚೆಲ್ಲಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ.

ಹಾಳೆಯ ಗೀಟುಗಳನ್ನು ಯಾರೂ ಎಣಿಸುವುದಿಲ್ಲ. ಎಲ್ಲರೂ ನೋಡುವುದು ರಿಜಿಸ್ಟರನ್ನು. ರಿಜಿಸ್ಟರಿನಲ್ಲಿ ಏಳು ಎಂದಿದೆ, ಹಾಳೆಯ ಚೌಕದಲ್ಲೂ ಏಳು ಎಂದಿದೆ. ತಾಳೆಯಾಗುತ್ತದೆ.

ಏಪ್ರಿಲ್ 20, ಭಾನುವಾರ

ತಂಗಿಗೆ ಹೇಳಿದೆ. ಮೊದಲು ಬೇರೆ ಯಾರದೋ ಕಥೆಯಂತೆ ಶುರು ಮಾಡಿದೆ. ಎರಡನೇ ವಾಕ್ಯಕ್ಕೇ ಹಿಡಿದಳು.

"ಅಕ್ಕಾ, ಇದು ನೀನೇ ತಾನೇ?"

"ಹೌದು."

"ಯಾರಾದ್ರೂ ಕೇಳಿದ್ರಾ ನಿನ್ನ?"

"ಇಲ್ಲ."

"ಮತ್ತೆ? ನಿನ್ನ ಜನ್ಮದಲ್ಲಿ ಒಂದು ತಪ್ಪು ಮಾಡಿದೀಯ. ನಾನು ಬೆಳಿಗ್ಗೆಯಿಂದ ಮೂರು ಮಾಡಿದೀನಿ, ಕೂತ್ಕೊಂಡು ಅಳ್ತಾ ಇದೀನಾ?"

"ಆಕೆಯನ್ನ ಅಂಟಿನ ಕೋಣೆಗೆ ಹಾಕಿದಾರೆ ಕಣೇ."

"ಹಾಕಿದ್ದು ನೀನಾ?"

ಫೋನಿಟ್ಟ ಮೇಲೆ ಪಾಲು ಹಾಕಲು ಕೂತೆ. ಕಳಿಸಿದವರು ಮ್ಯಾನೇಜರ್; ಅವರ ಕೈಗೆ ಹಾಳೆ ಕೊಟ್ಟವಳು ನಾನು. ಮೊದಲ ಎರಡು ಲಾಟ್ ಕೆಟ್ಟಿದ್ದವು, ಅದು ಆಕೆಯ ಪಾಲು. ಮೂರನೆಯದು ನನ್ನ ಪಾಲು. ಇದನ್ನು ಹಂಚಿ ಹಂಚಿ ಎಷ್ಟು ಸಣ್ಣದು ಮಾಡಿದರೂ ಕೈಯಲ್ಲಿ ಏನೋ ಉಳಿಯುತ್ತದೆ.

ಏಪ್ರಿಲ್ 22, ಮಂಗಳವಾರ

ಕೆಲಸ ಮುಗಿಸಿ ನನ್ನ ಬಸ್ಸು ಬಿಟ್ಟು ಗುಂಡಕ್ಕನ ಬಸ್ಸು ಹತ್ತಿದೆ. ಅವಳ ಪಕ್ಕದಲ್ಲೇ ಜಾಗವಿತ್ತು. ಹೇಳಿಬಿಡಬೇಕೆಂದೇ ಹತ್ತಿದ್ದು.

"ನಿಮ್ಮನೆ ಈ ಕಡೆ ಅಲ್ವಲ್ಲ ಮೇಡಂ."

"ಸ್ವಲ್ಪ ಕೆಲಸ ಇತ್ತು."

"ಹೂಂ."

ಎರಡು ನಿಲ್ದಾಣ ಕಳೆಯಿತು. ಏಳು, ನಾಲ್ಕು ಎಂಬ ಎರಡು ಪದ ನಾಲಗೆಯ ತುದಿಗೆ ಬಂದವು. ಬಾಯಿ ತೆರೆದಾಗ ಹೊರಬಂದದ್ದು ಬೇರೆ.

"ಮಾರ್ಚ್ ಮೂರಕ್ಕೆ ಊಟದ ಹೊತ್ತಲ್ಲಿ ನೀವೆಲ್ಲ ನಕ್ಕಿದ್ರಿ."

"ತಾರೀಕು ಬೇರೆ ಇಟ್ಕೊಂಡಿದೀರಾ?" ಅವಳಿಗೆ ನಗು ಬಂತು, ನಗುವಿನ ಬಾಲಕ್ಕೆ ಕೆಮ್ಮು. "ನಿಜ ಹೇಳ್ಲಾ? ನಿಮ್ಮನ್ನೇ ಮಾಡಿ ತೋರಿಸ್ತಿದ್ದೆ. ಡಬ್ಬಿ ಮುಚ್ಚಳ ಹಿಂಗೆ ಎತ್ತಿ ಹಿಡ್ಕೊಂಡು, ಒಂದು ಕಣ್ಣು ಮುಚ್ಚಿ, 'ಇಲ್ಲೊಂದು ದಾರ ಬಿಟ್ಟಿದೆ' ಅಂತ. ಸರಿಯಾಗಿ ಆಗ ನೀವು ಬಂದ್ರಿ."

ಅವಳು ಬಸ್ಸಿನ ಟಿಕೆಟನ್ನೇ ಮುಚ್ಚಳದಂತೆ ಎತ್ತಿ ಹಿಡಿದು ತೋರಿಸಿದಳು. ತಲೆ ಒಂದು ಪಕ್ಕಕ್ಕೆ ವಾಲಿಸಿ, ತುಟಿ ಬಿಗಿದು. ನಾನು ಹಾಗೆ ತುಟಿ ಬಿಗಿಯುತ್ತೇನೆಂದು ನನಗೆ ಗೊತ್ತಿರಲಿಲ್ಲ. ಅಮ್ಮ ಹಾಗೆ ಮಾಡುತ್ತಿದ್ದಳು.

"ಬೇಜಾರಾಯ್ತಾ?"

"ಇಲ್ಲ. ಚೆನ್ನಾಗಿ ಮಾಡ್ತೀರಿ."

"ಅವತ್ತು ಕರೀಬೇಕು ಅಂತ ಅನ್ನಿಸ್ತು, ಬನ್ನಿ ಕೂತ್ಕೊಳ್ಳಿ ಅಂತ. ನೀವು ಬರೋರಲ್ಲ ಅಂತ ಬಿಟ್ಟೆ."

ನನ್ನನ್ನೇ ನೋಡಿ ನಕ್ಕಿದ್ದರು. ಅಲ್ಲವೇನೋ, ನಾನೇ ತಪ್ಪು ತಿಳಿದೆನೇನೋ ಎಂದು ಇಷ್ಟು ದಿನ ಅಂದುಕೊಳ್ಳುತ್ತಿದ್ದೆ. ನಿಜವೆಂದು ತಿಳಿದ ಮೇಲೆ ಅಷ್ಟು ನೋಯಲಿಲ್ಲ. ಯಾಕೋ.

ಹೇಳಬೇಕಾಗಿದ್ದನ್ನು ಹೇಳದೆ ಇಳಿದೆ. ಅಲ್ಲಿಂದ ಮನೆಗೆ ಎರಡು ಬಸ್ಸು ಬದಲಾಯಿಸಬೇಕಾಯಿತು.

ಏಪ್ರಿಲ್ 24, ಗುರುವಾರ

ಮ್ಯಾನೇಜರ್ ಮುಂದೆ ಹಾಳೆ ಇಟ್ಟೆ. ಅವರು ಪೆನ್ನಿನ ತುದಿಯಿಂದ ಗೆರೆಗಳನ್ನು ಎಣಿಸಿದರು.

"ನಾಲ್ಕಾ?"

"ನಾಲ್ಕು."

"ಬೇರೆ ಯಾರು ನೋಡಿದಾರೆ?"

"ಯಾರೂ ಇಲ್ಲ."

"ಹಾಗಾದ್ರೆ ಯಾರೂ ನೋಡಿಲ್ಲ." ಹಾಳೆಯನ್ನು ನನ್ನ ಕಡೆ ತಳ್ಳಿದರು. "ಹತ್ತೊಂಬತ್ತು ವರ್ಷದ ಹೆಸರು ಮೇಡಂ ನಿಮ್ಮದು. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ. ಈ ಒಂದು ಹಾಳೆ ತಪ್ಪು ಅಂದ್ರೆ ಆಡಿಟರ್ ಬಾಕಿದನ್ನೂ ನಂಬಲ್ಲ. ಆಡಿಟ್ ಮುಗೀಲಿ. ಆಮೇಲೆ ಆಕೇನ ಮೆಲ್ಲಗೆ ಪ್ಯಾಕಿಂಗಿಗೋ ಎಲ್ಲಿಗೋ ಹಾಕೋಣ."

"ಆಕೆ ಜಾಗ?"

"ಆ ಜಾಗದಲ್ಲಿ ಈಗ ಆ ಹುಡುಗಿ ಇದಾಳಲ್ಲ. ಅವಳನ್ನ ಏನಂತ ಎಬ್ಬಿಸೋದು?"

ತಲೆಯಾಡಿಸಿ ಬಂದೆ. ಹೇಳಿದ್ದಾಯಿತು ಎಂದು ಒಂದು ಗಂಟೆ ನೆಮ್ಮದಿಯಿತ್ತು. ಆಮೇಲೆ ಯೋಚಿಸಿದರೆ, ಸುಮ್ಮನಿರಿ ಎಂದು ಹೇಳುವವರ ಹತ್ತಿರವೇ ಹುಡುಕಿಕೊಂಡು ಹೋಗಿ ಹೇಳಿದ್ದೇನೆ.

ಏಪ್ರಿಲ್ 28, ಸೋಮವಾರ

ಆಡಿಟರ್ ತೆಳ್ಳಗಿನ ಮನುಷ್ಯ, ಮಾತು ಮೆದು. ಎಲ್ಲ ಹಾಳೆ ನೋಡುವುದಿಲ್ಲ, ಹತ್ತು ತೆಗೆಯುತ್ತೇನೆ ಎಂದರು. ನಾನು ಜೋಡಿಗಳನ್ನು ಎತ್ತುವ ಹಾಗೆಯೇ ಅಲ್ಲಲ್ಲಿಂದ ಎಳೆದರು. ಮಾರ್ಚ್ ಕಟ್ಟಿನ ಮೇಲೆ ಬೆರಳು ಬಂತು, ಸರಿಯಿತು, ಹನ್ನೊಂದನೇ ತಾರೀಖಿನ ಹಾಳೆ ಎಳೆದರು. ಗೀಟಿನಿಂದ ಚೌಕ, ಚೌಕದಿಂದ ರಿಜಿಸ್ಟರ್, ಎಲ್ಲ ನೋಡಿದರು. ಹತ್ತೂ ಸರಿ.

"ಇಷ್ಟು ಅಚ್ಚುಕಟ್ಟಾಗಿ ಯಾರೂ ಇಟ್ಟಿರೋದಿಲ್ಲ" ಎಂದು ಫೈಲು ಮುಚ್ಚಿದರು. ಮ್ಯಾನೇಜರ್ ಕುರ್ಚಿಗೆ ಒರಗಿದರು.

ಎಂಬತ್ತರಲ್ಲಿ ಸಿಕ್ಕದ ಕೆಟ್ಟ ಜೋಡಿ ಡಬ್ಬಿಯೊಳಗೆ ಕೂತು ಅಂಗಡಿಗೆ ಹೋಗುತ್ತದೆ. ಅದು ನಮಗೆಲ್ಲ ಗೊತ್ತಿದ್ದದ್ದೇ; ನಿಯಮ ಅಷ್ಟನ್ನು ಬಿಟ್ಟುಕೊಟ್ಟಿದೆ. ಇವತ್ತು ನಾನು ಆ ಡಬ್ಬಿಯೊಳಗಿದ್ದೆ. ಮುಚ್ಚಳ ಹಾಕಿಯಾಗಿತ್ತು. ಹಾಯಾಗಿತ್ತು ಎಂದು ಬರೆಯಲು ನಾಚಿಕೆ, ಆದರೆ ಹಾಯಾಗಿತ್ತು.

ಅವರು ಎದ್ದು ಬ್ಯಾಗು ಹೆಗಲಿಗೆ ಹಾಕಿಕೊಂಡರು.

"ನೀವು ತೆಗೆಯದ ಒಂದು ಹಾಳೆ ಇದೆ" ಎಂದೆ.

ಮ್ಯಾನೇಜರ್ "ಮೇಡಂ" ಎಂದರು. ಒಂದೇ ಸಲ, ಮೆಲ್ಲಗೆ.

ಕಟ್ಟಿನಿಂದ ಹಾಳೆ ತೆಗೆದು ಆಡಿಟರ್ ಕೈಗೆ ಕೊಟ್ಟೆ. ಅವರು ನಿಂತಂತೆಯೇ ಎಣಿಸಿದರು, ಬ್ಯಾಗು ಇಳಿಸಿದರು, ಮತ್ತೆ ಕೂತರು.

ಏಪ್ರಿಲ್ 29, ಮಂಗಳವಾರ

ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಅಂಟಿನ ಕೋಣೆಗೆ ಹೋದೆ. ಬಾಗಿಲಲ್ಲಿ ನಿಂತೊಡನೆ ಒಳಗೆ ಬ್ರಷ್ಷಿನ ಸದ್ದು ನಿಂತಿತು. ಗುಂಡಕ್ಕ ಬಟ್ಟೆಗೆ ಕೈ ಒರೆಸುತ್ತ ಹೊರಗೆ ಬಂದಳು.

"ಕ್ಯಾಂಟೀನಿಗೆ ಗೊತ್ತು, ಗೇಟಿನೋರಿಗೆ ಗೊತ್ತು, ಎಲ್ಲಿಂದಲೋ ಬಂದ ಆಡಿಟರ್‌ಗೆ ಗೊತ್ತು. ಊರಿಗೆಲ್ಲ ಹಂಚಿದ ಮೇಲೆ ನನ್ನ ಹತ್ರ ಬಂದ್ರಾ?"

"ಮೊದಲು ನಿಮಗೇ ಹೇಳ್ಬೇಕಿತ್ತು."

"ಬಸ್ಸಲ್ಲಿ ಪಕ್ಕದಲ್ಲೇ ಕೂತಿದ್ರಿ. ಆಗ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ಟಿಕೆಟ್ ಎತ್ತಿ ನಗಿಸ್ತಾ ಇದ್ದೆ."

"ಹೌದು."

ಅವಳು ಬೆರಳಿನ ಅಂಟು ಕೆರೆದಳು. "ಅವತ್ತು ಇನ್ನೊಂದ್ಸಲ ನೋಡಿ ಅಂದೆ. ಎರಡು ನಿಮಿಷದ ಕೆಲಸ." ಆಮೇಲೆ ತಲೆಯೆತ್ತಿ ಕೇಳಿದಳು, "ಬೇಕು ಅಂತ ಮಾಡಿದ್ರಾ?"

ಇಲ್ಲ ಎನ್ನಬಹುದಿತ್ತು. ಅದನ್ನು ಸುಳ್ಳೆಂದು ಹೇಳಲು ಪ್ರಪಂಚದಲ್ಲಿ ಯಾರಿಗೂ ಸಾಧ್ಯವಿರಲಿಲ್ಲ.

"ಗೊತ್ತಿಲ್ಲ" ಎಂದೆ. "ನೀವು ನಕ್ಕಿದ್ದು ಮನಸ್ಸಲ್ಲಿತ್ತು. ಕೈ ತಪ್ಪಿತೋ, ಮನಸ್ಸೇ ಕೈಗೆ ಹೇಳಿಕೊಡ್ತೋ, ಎಷ್ಟು ಯೋಚನೆ ಮಾಡಿದ್ರೂ ಗೊತ್ತಾಗ್ತಿಲ್ಲ."

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ನನ್ನ ಮೂಗು ಹೋಗಿದೆ ಮೇಡಂ" ಎಂದಳು, ಸಾಧಾರಣ ದನಿಯಲ್ಲಿ. "ಮೊನ್ನೆ ಒಲೆ ಮೇಲೆ ಹಾಲು ಸೀದು ತಳ ಹಿಡೀತಿತ್ತು, ನಾನು ಪಕ್ಕದಲ್ಲೇ ನಿಂತಿದೀನಿ. ಮಗಳು ಹೊರಗಿಂದ ಓಡಿ ಬಂದು ಆರಿಸಿದ್ಲು. ಡಾಕ್ಟರು, ವಾಪಸ್ ಬಂದ್ರೂ ಬರಬಹುದು, ಬರದೇನೂ ಇರಬಹುದು ಅಂದ್ರು. ಇದಕ್ಕೆ ಯಾವ ಚೌಕ ಇದೆ ನಿಮ್ಮ ಹಾಳೇಲಿ?"

ಅವಳು ಒಳಗೆ ಹೋದಳು. ಬ್ರಷ್ಷಿನ ಸದ್ದು ಮತ್ತೆ ಶುರುವಾಯಿತು.

ಮೇ 2, ಶುಕ್ರವಾರ

ಆದೇಶ ಬಂತು. ಗುಂಡಕ್ಕನಿಗೆ ಅವಳ ಟೇಬಲ್ ವಾಪಸ್. ಕನ್ನಡಕದ ಹುಡುಗಿ ಬಿಡುಗಡೆಯಾದವಳಂತೆ ಓಡಿ ತನ್ನ ಹಳೆಯ ಜಾಗಕ್ಕೆ ಹೋಗಿ ಕೂತಳು. ಅಂಟಿನ ಕೋಣೆಯ ಕಿಟಕಿ ರಿಪೇರಿಯಾಗಬೇಕೆಂದು ಆಡಿಟರ್ ಬರೆದಿದ್ದಾರಂತೆ. ಅವರು ಆ ಕಡೆ ಹೋದದ್ದು ನನಗೆ ಗೊತ್ತಿರಲಿಲ್ಲ.

ನನಗೆ ಮೂರು ತಿಂಗಳು ಪರೀಕ್ಷೆಯ ಕೆಲಸವಿಲ್ಲ. ಹನ್ನೆರಡನೇ ತಾರೀಕಿನಿಂದ ಯಾವುದಾದರೂ ಟೇಬಲಿನಲ್ಲಿ ಕೂತು ಹೊಲಿಗೆ ಕಲಿಯಬೇಕು. ಆಮೇಲೂ ನನ್ನ ಹಾಳೆಗಳಿಗೆ ಇನ್ನೊಬ್ಬರ ಸಹಿ ಬೇಕು. ಮ್ಯಾನೇಜರ್ ಇದನ್ನೆಲ್ಲ ಓದುವಾಗ ನನ್ನ ಮುಖ ನೋಡಲಿಲ್ಲ.

ಇವರನ್ನು ಯಾವ ಟೇಬಲಿಗೆ ಹಾಕೋಣ ಎಂದು ಕೇಳಿದರು. ಐದು ಟೇಬಲಿನ ಮುಖ್ಯಸ್ಥರು ನಿಂತಿದ್ದರು. ಒಬ್ಬರು ಗಡಿಯಾರ ನೋಡಿದರು.

"ನನ್ನ ಟೇಬಲಿಗೇ ಹಾಕಿ" ಎಂದಳು ಗುಂಡಕ್ಕ. "ಕಣ್ಣ ಮುಂದೆ ಇದ್ರೆ ನನಗೂ ನೆಮ್ಮದಿ."

ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಮೇ 12, ಸೋಮವಾರ

ಹೆಬ್ಬೆರಳಿಗೆ ಎರಡು ಸಲ ಸೂಜಿ. ದಿನಕ್ಕೆ ಇಪ್ಪತ್ತು ಜೋಡಿಯ ಹಿಮ್ಮಡಿ ಹೊಲಿಯಬೇಕು, ನಾನು ಮುಗಿಸಿದ್ದು ಐದು. ಗುಂಡಕ್ಕ ಒಂದೊಂದನ್ನೂ ಬೆಳಕಿಗೆ ಹಿಡಿದಳು.

"ಬಿಚ್ಚಿ ಮೇಡಂ. ಇದನ್ನೂ ಬಿಚ್ಚಿ. ಇದನ್ನೂ."

ಬಿಟ್ಟ ಹೊಲಿಗೆಗೆ ಗೀಟು ಹಾಕುವುದು ಎಷ್ಟು ಸುಲಭವಿತ್ತು.

ಮೇ 16, ಶುಕ್ರವಾರ

ಕುತ್ತಿಗೆ ಹಿಡಿದುಕೊಂಡಿದೆ. ಏಳು ಜೋಡಿ.

ಮೇ 25, ಭಾನುವಾರ

ತಂಗಿ ಮೂರು ಸಲ ಫೋನ್ ಮಾಡಿದ್ದಳು, ಕೇಳಿಸಲಿಲ್ಲ. ಹಳೆಯ ಚೀಲದ ಚರ್ಮ ಕತ್ತರಿಸಿ ಬಾಗುವ ಕಡೆ ಹೊಲಿಯುವುದನ್ನು ಅಭ್ಯಾಸ ಮಾಡುತ್ತಿದ್ದೆ. ಕನ್ನಡಕದ ಹುಡುಗಿ ಹೇಳಿಕೊಟ್ಟ ಉಪಾಯ: ಸೂಜಿ ತಿರುಗಿಸಬಾರದು, ಶೂ ತಿರುಗಿಸಬೇಕು. ಸಂಜೆ ನಾನೇ ಫೋನ್ ಮಾಡಿದರೆ ತಂಗಿ ಅಳುತ್ತಿದ್ದಳು, ಏನೋ ಆಗಿಹೋಯಿತು ಅಂದುಕೊಂಡೆ ಎಂದು. ಸೂಜಿಯ ವಿಷಯ ಹೇಳಿದೆ. "ಅಕ್ಕಾ, ಅರ್ಧ ಗಂಟೆಯಿಂದ ನೀನೇ ಮಾತಾಡ್ತಾ ಇದೀಯ" ಎಂದಳು. ಅವಳಿಗೆ ಬೇಸರವಾಯಿತೇನೋ.

ಜೂನ್ 6, ಶುಕ್ರವಾರ

ಬಹಳ ದಿನದಿಂದ ಬರೆದಿಲ್ಲ. ಪುಸ್ತಕ ದಿಂಬಿನ ಹಿಂದೆ ಬಿದ್ದಿತ್ತು.

ಇವತ್ತು ಹದಿನಾಲ್ಕು ಜೋಡಿ. ಗುಂಡಕ್ಕ ಎರಡು ವಾಪಸ್ ಎಸೆದಳು. "ಬಿಚ್ಚು" ಎಂದಳು, ಅಷ್ಟೆ. ಬಿಚ್ಚಿ ಹೊಲಿದೆ.

ಅವಳ ಮೂಗು ಇನ್ನೂ ಬಂದಿಲ್ಲ. ಡಾಕ್ಟರು ದಿನಾ ಮೂಸಲು ಏನೋ ನಾಲ್ಕು ಸೀಸೆ ಕೊಟ್ಟಿದ್ದಾರೆ. ನಾಲ್ಕೂ ನೀರೇ, ಮೋಸ ಎನ್ನುತ್ತಾಳೆ. ಹಿಂದಿನ ವಾರ ಕೆಟ್ಟ ಊಟ ಗೊತ್ತಾಗದೆ ತಿಂದು ಎರಡು ದಿನ ಮಲಗಿದಳು. ಆಮೇಲಿಂದ ಊಟದ ಹೊತ್ತಿಗೆ ತನ್ನ ಡಬ್ಬಿ ತೆರೆದು ಟೇಬಲಿನ ಮೇಲೆ ನನ್ನ ಕಡೆ ತಳ್ಳುತ್ತಾಳೆ. ಮೂಸಿ ನೋಡಿ, ಪರವಾಗಿಲ್ಲ ಅಥವಾ ಬೇಡ ಎಂದು ನಾನು ಹೇಳಬೇಕು. ಯಾರೂ ಇದನ್ನು ಗೊತ್ತುಮಾಡಿದ್ದಲ್ಲ. ಅವಳು ತಳ್ಳಿದಳು, ನಾನು ಮೂಸಿದೆ.

ಇವತ್ತೂ ತಳ್ಳಿದಳು. ನಿಧಾನವಾಗಿ ಮೂಸಿ ನೋಡಿದೆ. ಮುಚ್ಚಳ, ಮೂಲೆ, ಕೆಳಗಿನ ಪದರ.

"ಚೆನ್ನಾಗಿದೆ" ಎಂದೆ.

"ಎಷ್ಟು ಹೊತ್ತು. ಏನು, ಎಂಬತ್ತು ಸಲ ಮೂಸ್ತೀಯಾ?"

ಟೇಬಲಿನವರೆಲ್ಲ ನಕ್ಕರು. ಅವಳು ಡಬ್ಬಿ ವಾಪಸ್ ಎಳೆದುಕೊಳ್ಳಲಿಲ್ಲ. ಮುಚ್ಚಳಕ್ಕೆ ಅರ್ಧ ಹಾಕಿ ನನ್ನ ಮುಂದಿಟ್ಟಳು.

"ರುಚಿಯೂ ಸರಿಯಾಗಿ ಗೊತ್ತಾಗಲ್ಲ ನಂಗೆ. ತಿಂದು ಹೇಳು."

ತಿಂದೆ. ಉಪ್ಪು ಮುಂದಾಗಿತ್ತು. ಹಾಗೆಂದು ಹೇಳಿದೆ.

"ಎಷ್ಟು ಮುಂದು?"

ಇನ್ನೊಂದು ತುತ್ತು ತಿಂದು ನೋಡಿದೆ.